ಬದುಕಿದ್ದ ಮಂಜನಿಗೆ ಎಡೆ ಇಟ್ಟ ಭಾನುವಾರ

ಹೋದ ವರ್ಷ ಪಿತೃಪಕ್ಷದ ಒಂದು ಭಾನುವಾರ. ಅವತ್ತು ನಮ್ಮ ಮನೆಯಲ್ಲಿ ನಡೆದದ್ದನ್ನು ನಮ್ಮ ಬೀದಿಯವರೇ ಇನ್ನೂ ಮರೆತಿಲ್ಲ, ನಾನೆಲ್ಲಿ ಮರೆಯಲಿ? ಆದರೆ ಅದನ್ನು ಹೇಳುವ ಮೊದಲು, ಮಂಜ ಅನ್ನೋ ಮಹಾನುಭಾವ ತಿಂಗಳುಗಟ್ಟಲೆ ನನ್ನ ತಲೆ ತಿಂದದ್ದನ್ನು ಹೇಳಲೇಬೇಕು.

ನಾನು ಪಾಂಡವಪುರದಲ್ಲಿ ಹೈಸ್ಕೂಲ್ ಟೀಚರು. ಕಾಲೇಜಿನಲ್ಲಿ ಜೊತೆಗಿದ್ದ ಮೂವರು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾರೆ. ಸಿಂಧಘಟ್ಟದಿಂದ ಮಂಜ, ಹಾಲಿನ ಡೇರಿಯಲ್ಲಿ ಕೆಲಸ. ನಾಗಮಂಗಲದಿಂದ ಜಯ, ನರ್ಸು. ಶ್ರೀರಂಗಪಟ್ಟಣದಿಂದ ಅಫ್ಜಲ್, ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದಾನೆ. ಬಂದು ಆಟ ಆಡುತ್ತೇವೆ. ಇಸ್ಪೀಟಲ್ಲ, ಕೇರಮ್ಮಲ್ಲ. ನಾನು ರಾಜರ ಕಾಲದ್ದೊಂದು ಕಥೆ ಕಟ್ಟಿ ಹೇಳುತ್ತೇನೆ, ಅವರು ಅದರೊಳಗಿನ ಪಾತ್ರಗಳಾಗಿ ಏನು ಮಾಡುತ್ತೇವೆ ಅಂತ ಹೇಳುತ್ತಾರೆ. ಗೆದ್ದರೋ ಸೋತರೋ ದಾಳ ಹಾಕಿ ನೋಡುತ್ತೇವೆ. ಅದಕ್ಕೊಂದು ದಪ್ಪನೆಯ ರೂಲ್ಸ್ ಪುಸ್ತಕವೂ ಇದೆ. ಶಾಲೆ, ಅಡುಗೆ, ಮಕ್ಕಳ ಹೋಂವರ್ಕು ಅಂತ ಸವೆಯುವ ನನಗೆ ವಾರಕ್ಕೊಮ್ಮೆ ಸಿಗುವ ಉಸಿರು ಅದೊಂದೇ.

ಜಯಳ ಪಾತ್ರ ವೈದ್ಯೆ, ಅಫ್ಜಲನದು ಬಿಲ್ಲುಗಾರ, ಮಂಜನದು ಕತ್ತಿ ಹಿಡಿದ ವೀರ. ವೀರನಿಗೊಂದು ಹೆಸರಿಡೋ ಮಾರಾಯ ಅಂದರೆ, "ಮಂಜ ಅಂತ್ಲೇ ಇರ್ಲಿ ಬುಡಕ್ಕ. ಅಪ್ಪ ಅವ್ವ ಇಟ್ಟಿರೋ ಹೆಸ್ರಿರುವಾಗ ಇನ್ನೊಂದ್ಯಾಕೆ?" ಅಂದ. ಆ ಸೋಮಾರಿತನ ಮುಂದೆ ಏನು ತಂದಿಟ್ಟಿತು ನೋಡಿ.

ಒಂದು ದಿನ ಕಥೆಯಲ್ಲಿ ಹೊಳೆ ದಾಟಬೇಕಿತ್ತು. ಕರಿಘಟ್ಟದ ಕೆಳಗಿನ ಸಂಗಮದಂಥದ್ದೇ ಜಾಗ, ಮೇಲೆ ಪ್ರವಾಹ ಬೇರೆ. ಜಯ ಬೇಡ ಬೇಡ ಅಂದರೂ ಈ ವೀರ ಹರಿಗೋಲಿನಿಂದ ನೀರಿಗೆ ಹಾರಿದ. ದಾಳ ಕೈಕೊಟ್ಟಿತು. ಸತ್ತ. ಸತ್ತರೆ ಹೊಸ ಪಾತ್ರ ಮಾಡಿಕೊಂಡು ಬರಬೇಕು, ಅದು ಪದ್ಧತಿ. ಇವನು ಒಪ್ಪಬೇಕಲ್ಲ! ದಿನಾ ಫೋನು. "ಅಕ್ಕ, ಪುಸ್ತಕದಲ್ಲೇ ಐತೆ ಕಣಕ್ಕ, ಸತ್ತೋನು ನಡೆದಾಡೋ ಹೆಣ ಆಗಿ ವಾಪಸ್ ಬರ್ಬೋದಂತೆ." ಸ್ಟಾಫ್ ರೂಮಿನಲ್ಲೂ ಫೋನು, ಒಗ್ಗರಣೆ ಹಾಕುವಾಗಲೂ ಫೋನು. ಕೊನೆಗೆ "ಆಗಿ ಸಾಯೋ!" ಅಂದುಬಿಟ್ಟೆ.

ಅಲ್ಲಿಗೆ ಆಟ ಹಾಳಾಯಿತು. ಹೆಣಕ್ಕೆ ಹಸಿವಿಲ್ಲ, ನಿದ್ದೆಯಿಲ್ಲ, ನೋವಿಲ್ಲ, ವಿಷ ತಾಕುವುದಿಲ್ಲ. ಕಾಡಿನಲ್ಲಿ ಮಿಕ್ಕವರು ಅನ್ನ ನೀರಿಗೆ ಒದ್ದಾಡುತ್ತಿದ್ದರೆ ಇವನು ಸಿಳ್ಳೆ ಹೊಡೆದುಕೊಂಡು ಮುಂದೆ ಹೋಗುತ್ತಿದ್ದ. ಎಲ್ಲ ಗುಹೆಗೂ ಇವನೇ ಮೊದಲು, ಎಲ್ಲ ರಾಕ್ಷಸರನ್ನೂ ಇವನೇ ಕೊಲ್ಲಬೇಕು.

ನಾನೂ ಬಿಡಲಿಲ್ಲ, ಕಟ್ಟುಪಾಡು ಹಾಕುತ್ತಾ ಬಂದೆ. ಬಿಸಿಲಿಗೆ ಮೈ ಸುಡುತ್ತದೆ ಅಂದೆ. ಗೋಣಿಚೀಲದ ಕೊಪ್ಪೆ ಹಾಕಿಕೊಳ್ಳುತ್ತೇನೆ ಅಂದ. ಪುಸ್ತಕ ಬರೆದವರಿಗೆ ಕೊಪ್ಪೆ ಗೊತ್ತೇ? ದೇವಸ್ಥಾನದೊಳಗೆ ಕಾಲಿಡುವಂತಿಲ್ಲ ಅಂತ ಹೇಳಿ, ಗೋವಿಂದನಹಳ್ಳಿಯಲ್ಲಿ ನೋಡಿದ್ದಂಥ ಗುಡಿಯೊಂದನ್ನು ಕಥೆಯಲ್ಲಿ ಕಟ್ಟಿ, ಬೇಕಾದದ್ದನ್ನೆಲ್ಲ ಗರ್ಭಗುಡಿಯಲ್ಲಿಟ್ಟೆ. "ನೀವು ತಕ್ಕೊಂಡು ಬನ್ನಿ, ಬಾಗ್ಲಲ್ಲಿ ನಾನು ಇಸ್ಕೋತೀನಿ" ಅಂತ ಹೊರಗೆ ಕಾಲು ಚಾಚಿ ಕೂತ. ಊರ ನಾಯಿಗಳನ್ನೆಲ್ಲ ಛೂ ಬಿಟ್ಟೆ. "ಕಚ್ಲಿ, ನಂಗೇನು ನೋವಾ?" ಶಕ್ತಿ ಅರ್ಧ ಇಳಿಸಿದರೆ ಮೋಸ ಮೋಸ ಅಂತ ಮನೆ ಹಾರಿಹೋಗುವಂತೆ ಕೂಗುತ್ತಿದ್ದ. ಇಳಿಸದಿದ್ದರೆ ಉಳಿದಿಬ್ಬರು ಸುಮ್ಮನೆ ಕಡ್ಲೆಪುರಿ ತಿನ್ನುತ್ತಾ ಕೂರಬೇಕು. "ದೀದಿ, ಇವ್ನ ಕಥೆ ಖತಂ ಮಾಡಿ, ಇಲ್ಲಾಂದ್ರೆ ನನ್ನೂ ಹೆಣ ಮಾಡ್ಬುಡಿ" ಅಂದ ಅಫ್ಜಲ್.

ಜಯ ಒಂದು ದಿನ ಕಥೆಯಲ್ಲಿ ಅವನ ಗಾಯಕ್ಕೆ ಮದ್ದು ಹಚ್ಚಲು ಹೋದಳು. "ನಿನ್ ಮದ್ದು ನೀನೇ ಕುಡ್ಕೊ. ನಂಗ್ಯಾರೂ ಬೇಕಾಗಿಲ್ಲ" ಅಂದುಬಿಟ್ಟ. ಅವಳ ಮುಖ ಸಣ್ಣಗಾಯಿತು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಕೊನೆಗೊಂದು ಭಾನುವಾರ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದಳು: "ಅಕ್ಕ, ರಜಾ ದಿನ ಬಸ್ಸಲ್ಲಿ ನೇತಾಡ್ಕೊಂಡು ಬರೋದು ಇವ್ನ ಶೌರ್ಯ ನೋಡಕ್ಕಾ? ಇನ್ನೊಂದ್ಸಲ ಬತ್ತೀನಿ. ಇಂಗೇ ಆದ್ರೆ ನನ್ನ ಬುಟ್ಬುಡಿ." ಅವಳು ಬಿಟ್ಟರೆ ಅಫ್ಜಲೂ ಬಿಡುತ್ತಾನೆ. ಆಮೇಲೆ ನಾನು ಮತ್ತು ಒಂದು ಹೆಣ ಕೂತು ಏನು ಆಡುವುದು?

ಅದೇ ವಾರ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ. ಮಾವನವರ ಫೋಟೋ ಮುಂದೆ ಬಾಳೆಲೆ ಹಾಕಿ, ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಅವರು ಸೇದುತ್ತಿದ್ದ ಬೀಡಿ ಎಲ್ಲ ಇಟ್ಟು, ಅತ್ತೆ ಅವರ ಹೆಸರು ಹಿಡಿದು ಕರೆದು ಬಾಗಿಲು ಮುಚ್ಚಿದರು. ಅವರು ಉಂಡು ಹೋಗುವ ತನಕ ನಾವು ಹೊರಗೆ. ಬೆಳಗಿನಿಂದ ಉಪವಾಸ, ಮೂಗಿಗೆ ಸಾರಿನ ವಾಸನೆ. "ಸತ್ತವರಿಗೆ ಇಷ್ಟು ಹೊತ್ತು ಬೇಕಾ ಉಣ್ಣೋಕೆ" ಅಂತ ಮನಸ್ಸಿನಲ್ಲೇ ಗೊಣಗುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ಅಲ್ಲಾ, ಸತ್ತವರಿಗೆ ಹಸಿವಿಲ್ಲ ಅಂತ ಆ ಪುಸ್ತಕ ಹೇಳಿದರೆ ನಾನ್ಯಾಕೆ ನಂಬಬೇಕು? ನಮ್ಮ ಕಡೆ ಸತ್ತವರಿಗೂ ಹಸಿವಾಗುತ್ತದೆ. ತಾವಾಗಿ ಬಡಿಸಿಕೊಳ್ಳಲು ಆಗುವುದಿಲ್ಲ ಅಷ್ಟೆ. ಬದುಕಿರುವವರು ಕರೆದು ಇಡಬೇಕು.

ಭಾನುವಾರ ಎಲ್ಲರೂ ಕೂತ ಮೇಲೆ ಹೊಸ ಕಟ್ಟಳೆ ಹೇಳಿದೆ. ಜೊತೆಗಾರರು ಹೆಸರು ಕರೆದು ಎಡೆ ಇಟ್ಟರೆ ಮಾತ್ರ ಹೆಣಕ್ಕೆ ಶಕ್ತಿ, ಅದೂ ಒಂದು ಕಾಳಗಕ್ಕೆ. ಇಲ್ಲದಿದ್ದರೆ ಕತ್ತಿ ಎತ್ತಲೂ ಆಗದು. ಮಂಜ ರೂಲ್ಸ್ ಪುಸ್ತಕ ತಿರುವಿ ಹಾಕಿದ. ಕೊಪ್ಪೆ ಗಿಪ್ಪೆ ಏನೂ ಹೊಳೆಯಲಿಲ್ಲ ಅವನಿಗೆ. ಜಯ ಮಾತ್ರ ಬಹಳ ದಿನಗಳ ಮೇಲೆ ನಕ್ಕಳು. "ನನ್ನ ಕೇಳ್ಲಿ, ಇಡ್ತೀನಿ" ಅಂದಳು. "ನಾನು ಕೇಳಕಿಲ್ಲ" ಅಂತ ಇವನು. ಕಥೆಯಲ್ಲಿ ರಾಕ್ಷಸ ಬಂದು ಚಚ್ಚುತ್ತಲೇ ಇದ್ದಾನೆ, ಇವನು ಬಿದ್ದೇ ಇದ್ದಾನೆ. ಕೊನೆಗೆ ಗೋಡೆ ನೋಡಿಕೊಂಡು "ಇಕ್ಕವ್ವ ಅತ್ಲಾಗೆ" ಅಂದ.

ಜಯ ಅಷ್ಟಕ್ಕೇ ಬಿಡಲಿಲ್ಲ. ಹಿತ್ತಲಿಂದ ನಿಜವಾದ ಬಾಳೆಲೆ ತಂದಳು. ಮಂಜನ ಮುಂದೆ ಹಾಸಿ ನಿಪ್ಪಟ್ಟು, ಬಾಳೆಹಣ್ಣು ಇಟ್ಟಳು. ಅಫ್ಜಲ್ ಉತ್ಸಾಹದಿಂದ ಊದುಬತ್ತಿ ಹಚ್ಚಿದ. ಜಯ ಕೈಮುಗಿದು, "ಮಂಜಣ್ಣ, ಎಲ್ಲಿದ್ರೂ ಬಂದು ಉಣ್ಣಪ್ಪ" ಅಂತ ರಾಗವಾಗಿ ಕರೆಯುವುದಕ್ಕೂ, ಪಕ್ಕದ ಮನೆಗೆ ಹೋಗಿದ್ದ ನಮ್ಮತ್ತೆ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ! ಬದ್ಕಿರೋ ಮಗೀಗೆ ಎಡೆ ಇಕ್ತಾವ್ರಲ್ಲಪ್ಪೋ! ಅದೂ ಪಕ್ಷದಲ್ಲಿ! ಟೀಚರಂತೆ ಟೀಚರು, ನಿನ್ ಓದಿಗಿಷ್ಟು ಬೆಂಕಿ ಬೀಳಾ!" ಬೀದಿಯವರೆಲ್ಲ ನಮ್ಮ ಬಾಗಿಲಿಗೆ. ಮಂಜ ಸಮಾಧಾನ ಮಾಡಲು ಹೋದ. "ಅದು ನಾನಲ್ಲ ಕಣಜ್ಜಿ, ಕಥೆಯೊಳಗಿರೋ ಮಂಜ. ಮಂಜ ಸತ್ತು ಆಗ್ಲೇ ಸುಮಾರು ದಿನ ಆಯ್ತು."

"ಬುಡ್ತು ಅನ್ಲಾ! ಬುಡ್ತು ಅನ್ನು!" ಅತ್ತೆ ಅವನ ಬಾಯಿಗೇ ಕೈ ಅಡ್ಡ ಹಿಡಿದರು. "ನಿಮ್ಮವ್ವ ಈ ಮಾತು ಕೇಳಿದ್ರೆ ಏನಾದಾಳ್ಲಾ?" ಅಂದರು. ನಗುತ್ತಿದ್ದ ಮಂಜ ಊದುಬತ್ತಿ ಆರಿಸಿದ. ನನಗೆ ನಾಚಿಕೆಯೋ ಸಿಟ್ಟೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವತ್ತಿಗೆ ಆಟ ಮುಗಿಯಿತು, ಇನ್ನು ಈ ಹೊಸಲು ಯಾರೂ ತುಳಿಯುವುದಿಲ್ಲ ಅಂದುಕೊಂಡೆ.

ಅತ್ತೆ ಆ ಎಲೆ ಎತ್ತಿ ಆಚೆ ಎಸೆದರು. ಮಂಜನಿಗೆ ಕೈಕಾಲು ತೊಳೆಸಿ, ಬೇರೆ ಎಲೆ ಹಾಕಿ, ಬಿಸಿ ಮುದ್ದೆ, ಬಸ್ಸಾರು ತಂದಿಟ್ಟರು. ಜಯಳ ಕೈಗೆ ಸೌಟು ಕೊಟ್ಟು, "ಕರ್ದೋಳು ನೀನೇ ತಾನೆ? ಈಗ ಬದ್ಕಿರೋನ್ನ ಕರ್ದಂಗೆ ಕರ್ದು ಬಡ್ಸು" ಅಂದರು.

ಜಯ ಮುದ್ದೆ ಇಟ್ಟು ಸಾರು ಬಿಟ್ಟಳು. "ಬಾ ಮಂಜಣ್ಣ, ಉಣ್ಣು" ಅಂದಳು. ಈ ಸಲ ರಾಗ ಇರಲಿಲ್ಲ. ಮಂಜ ತಲೆ ಎತ್ತಲಿಲ್ಲ. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ, ಮತ್ತೊಂದು ತುತ್ತು ನುಂಗಿದ. ಆಮೇಲೆ ಎಲೆ ನೋಡಿಕೊಂಡೇ, "ಇನ್ನೊಸಿ ಸಾರು ಬುಡವ್ವ ಜಯ" ಅಂದ. ಅವಳು ಬಿಟ್ಟಳು. ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು.

ಉಂಡು ಕೈ ತೊಳೆದು ಬಂದ ಮಂಜ ನನ್ನ ಹತ್ತಿರ ಕೂತ. "ಅಕ್ಕ, ಆ ಹೆಣನ ಮಣ್ಣು ಮಾಡ್ಬುಡು. ಹೊಸ ಪಾತ್ರ ಮಾಡ್ಕೋತೀನಿ, ಹಸಿವಾಗೋನೇ ಇರ್ಲಿ" ಅಂದ.

ಬಿಸಿಲು, ಗುಡಿ, ನಾಯಿ ಅಂತ ನಾನು ತಿಂಗಳುಗಟ್ಟಲೆ ಹೆಣಗಿದ್ದೆನಲ್ಲ! ಇದನ್ನು ಹೇಳಲು ಇವನಿಗೆ ನಮ್ಮತ್ತೆಯ ಕೈಲಿ ನನಗೆ ಬೀದಿಗೆಲ್ಲ ಕೇಳುವಂತೆ ಬೈಸಬೇಕಿತ್ತೇ? ಅವನ ತಲೆಗೊಂದು ಮೊಟಕಲೋ, ತಬ್ಬಿಕೊಂಡು ಅಳಲೋ ತಿಳಿಯದೆ ಸೌಟು ತೊಳೆಯುತ್ತಾ ನಿಂತೆ.