ಹೊಸತೊಡಕಿನ ಆಟಕ್ಕೆ ಕೂತ ಗಂಗಲಕ್ಷ್ಮಮ್ಮ

ಯುಗಾದಿಯ ಮರುದಿನ ಹೊಸತೊಡಕು. ಬಾಡೂಟ ಮುಗಿಸಿ ಕುರುಬರಹಳ್ಳಿಯ ಗಿರಿರಾಜ್ ಅವರ ತಾರಸಿಯಲ್ಲಿ ನೆಂಟರೆಲ್ಲ ಅಂದರ್-ಬಾಹರ್ ಆಡೋದು ಹಳೇ ರೂಢಿ. ಒಂದು ಎಲೆ ಬಿಚ್ಚಿಟ್ಟು, ಅದರ ಜೋಡಿ ಒಳಗೆ ಬೀಳುತ್ತೋ ಹೊರಗೆ ಬೀಳುತ್ತೋ ಅಂತ ದುಡ್ಡು ಕಟ್ಟುವ ಆಟ.

ಗಿರಿರಾಜ್ ತಮ್ಮ ಪಾಲಿನ ಜಾಗದಲ್ಲಿ ಅಂಗಡಿಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಅವರ ತಮ್ಮ ಚಿಕ್ಕಮುನಿಯಪ್ಪ ಪಾಲು ಮಾರಿಕೊಂಡು ಲಗ್ಗೆರೆಯ ಬಾಡಿಗೆ ಮನೆ ಸೇರಿದ ಟೆಂಪೊ ಡ್ರೈವರ್. ಅಣ್ಣ ಎಷ್ಟು ಕಟ್ಟಿದರೆ ತಾನೂ ಅಷ್ಟೇ ಕಟ್ಟಬೇಕು ಅನ್ನೋ ಹಟದಲ್ಲಿ ಒಂದು ವರ್ಷ ಮಗಳು ಚೇತನಾಳ ಸ್ಕೂಲ್ ಫೀಸನ್ನೇ ಕಳೆದುಕೊಂಡು ಬಂದರು.

ಹೆಂಡತಿ ಗಂಗಲಕ್ಷ್ಮಮ್ಮ ಕೂಗಾಡಲಿಲ್ಲ. ಗಾರ್ಮೆಂಟ್ಸಿನಲ್ಲಿ ಓಟಿ ಮಾಡಿ ಫೀಸು ತುಂಬಿದರು. ಮುಂದಿನ ಹೊಸತೊಡಕಿಗೆ ಗಂಡನನ್ನು ಸರಿಸಿ ತಾವೇ ಚಾಪೆ ಮೇಲೆ ಕೂತು, ಹತ್ತು ರೂಪಾಯಿ ಇಟ್ಟರು.

ಗಿರಿರಾಜ್ ನಕ್ಕರು. "ಏನಮ್ಮ, ಕಡಲೆಕಾಯಿ ತಗೊಳ್ಳೋಕೆ ಬಂದಿದ್ದೀಯಾ?"

"ಬಾವ, ನೀವು ಸೋತ್ರೆ ಒಂದನೇ ತಾರೀಕು ಬಾಡಿಗೆ ಬರುತ್ತೆ. ನಾನು ಸೋತ್ರೂ ಒಂದನೇ ತಾರೀಕು ಬಾಡಿಗೆ ಕಟ್ಲೇಬೇಕು. ಇಬ್ಬರ ಆಟ ಒಂದೇ ಥರ ಹೆಂಗಿರುತ್ತೆ?"

ಗೆಲ್ಲುತ್ತಿದ್ದ ವರ್ಷವೂ ಗಂಗಲಕ್ಷ್ಮಮ್ಮ ಹತ್ತು ರೂಪಾಯಿ ದಾಟಲಿಲ್ಲ. ಹುರಿದುಂಬಿಸಿದವರಿಗೆಲ್ಲ "ಅದೃಷ್ಟ ಜಾಸ್ತಿ ಆಗಿರಬಹುದು, ಸಂಬಳ ಆಗಿಲ್ಲ" ಅನ್ನುತ್ತಿದ್ದರು.

ಆಮೇಲೆ ಗಾರ್ಮೆಂಟ್ಸ್ ಬಿಟ್ಟು ಮನೆ ಬಾಗಿಲಲ್ಲೇ ಒಬ್ಬಟ್ಟು ತಟ್ಟಿ ಮಾರತೊಡಗಿದರು. ರುಚಿ ಹಿಡಿದ ಜನ ಬಿಡಲಿಲ್ಲ. ಮಹಾಲಕ್ಷ್ಮಿ ಲೇಔಟಿನಲ್ಲಿ ಅಂಗಡಿಯಾಯಿತು, ಕಲ್ಯಾಣ ಮಂಟಪಗಳಿಂದ ಆರ್ಡರ್ ಬಂತು. ವ್ಯಾಪಾರ ಬೆಳೆದ ಹಾಗೆ ಚಾಪೆ ಮೇಲಿಡುವ ನೋಟೂ ಬೆಳೆಯಿತು, ಹಬ್ಬದ ಲಾಭದಲ್ಲಿ ಒಂದು ಚೂರು, ಅಷ್ಟೇ.

ಈ ವರ್ಷ ಅವರು ಹತ್ತು ಸಾವಿರ ಇಟ್ಟರು. ನೆಂಟರೆಲ್ಲ ಚಾಪೆ ಹತ್ತಿರಕ್ಕೆ ಸರಿದರು.

ಗಿರಿರಾಜ್ ಕತ್ತಿನ ಚೈನು ಬಿಚ್ಚಿದರು. ಅಂಗಡಿಗಳನ್ನು ಕೆಡವಿ ದೊಡ್ಡ ಕಟ್ಟಡಕ್ಕೆ ಕೈ ಹಾಕಿ, ಸಾಲದಲ್ಲಿ ಸಿಕ್ಕಿ, ಕೆಲಸ ಅರ್ಧಕ್ಕೆ ನಿಂತಿದ್ದು ಎಲ್ಲರಿಗೂ ಗೊತ್ತಿತ್ತು. "ನನ್ನ ಕಡೆಯಿಂದ ಇದು," ಅಂದರು.

ಗಂಗಲಕ್ಷ್ಮಮ್ಮ ಚೈನನ್ನು ಅವರತ್ತ ಸರಿಸಿದರು. "ಇದಕ್ಕೆ ನಾನು ಆಡಲ್ಲ ಬಾವ. ಬಾಡಿಗೆ ಬರ್ತಿದ್ದಾಗ ಎಷ್ಟು ಬೇಕಾದ್ರೂ ಇಡ್ತಿದ್ರಿ, ಸರಿ. ಈ ವರ್ಷ ತಡ್ಕೊಳ್ಳೋ ಶಕ್ತಿ ನನಗಿದೆ, ನಿಮಗಿಲ್ಲ. ಕಟ್ಟಡ ಎದ್ದು ನಿಂತ್ಮೇಲೆ ಇಡಿ."

ಗಿರಿರಾಜ್ ಮುಖ ಕೆಂಪಾಯಿತು. ಎದ್ದೇ ಬಿಡುತ್ತಾರೆ ಅಂದುಕೊಂಡರು ಎಲ್ಲ. ಆದರೆ ಅವರು ಚೈನು ಕತ್ತಿಗೆ ಹಾಕಿಕೊಂಡು, ಜೇಬಿನಿಂದ ನೂರರ ನೋಟು ತೆಗೆದರು. ಗಂಗಲಕ್ಷ್ಮಮ್ಮನ ಹತ್ತು ಸಾವಿರಕ್ಕೆ ಸರಿಸಮ ಆಗೋಕೆ ಉಳಿದದ್ದನ್ನು ನೆಂಟರೆಲ್ಲ ಕೈಲಾದಷ್ಟು ಹಾಕಿ ತುಂಬಿಸಿದರು.

"ಒಳಗೆ!" ಅಂದರು ಗಂಗಲಕ್ಷ್ಮಮ್ಮ.

ಚೇತನಾ ಎಲೆ ಎಸೆಯುತ್ತಾ ಹೋದಳು. ಜೋಡಿ ಹೊರಗೆ ಬಿತ್ತು. ತಾರಸಿಗೆ ತಾರಸಿಯೇ ಕೇಕೆ ಹಾಕಿತು. ಗಿರಿರಾಜ್ ತಮ್ಮ ಗೆಲುವಿನ ನೂರು ರೂಪಾಯಿ ಎತ್ತಿ ಹಿಡಿದು ಕುಣಿದೇ ಬಿಟ್ಟರು.

"ಹತ್ತು ಸಾವಿರ ಕಣೇ!" ಚಿಕ್ಕಮುನಿಯಪ್ಪ ಬೆವರು ಒರೆಸಿಕೊಂಡರು.

"ಹೋಯ್ತು!" ಅಂದರು ಗಂಗಲಕ್ಷ್ಮಮ್ಮ, ಎಲ್ಲರಿಗಿಂತ ಜೋರಾಗಿ ನಗುತ್ತಾ. ಅಷ್ಟು ದುಡ್ಡು ಕಳೆದುಕೊಂಡು ಹೀಗೆ ನಗುವ ಸ್ಥಿತಿಗೆ ತಾನೇ ದುಡಿದು ಬಂದಿದ್ದೀನಲ್ಲ ಅನ್ನೋ ಹೆಮ್ಮೆಗೆ ಅವರ ಎದೆ ಉಬ್ಬಿತ್ತು.