ಒಂದೇ ಏಟಿಗೆ ತಿದ್ದಿದ ಫೈಲುಗಳು

ಟೈಪಿಂಗ್ ಮಾಸ್ತರನ ಮುಖ ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವನಿಗೂ ಅಷ್ಟೇ. ಕುಷ್ಟಗಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂಡುತ್ತಿದ್ದೆವು. ಜೀವಮಾನವೆಲ್ಲ ಟೈಪ್‌ರೈಟರ್ ಕುಟ್ಟಿದ ಕೈ ಅವನದು. ಕಂಪ್ಯೂಟರಿನ ಕೀಲಿಗಳನ್ನೂ ಸೇಡು ತೀರಿಸಿಕೊಳ್ಳುವವನಂತೆ ಕುಟ್ಟುತ್ತಿದ್ದ.

ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಮರುವರ್ಷದ ಮಾತು. ನರ್ಸ್ ತರಬೇತಿಗೆ ಅರ್ಜಿ ಹಾಕಿದ ಹುಡುಗಿಯರ ವಿವರಗಳನ್ನು ನಾವು ಟೈಪ್ ಮಾಡಿದ್ದೆವು, ಒಬ್ಬೊಬ್ಬರಿಗೆ ಒಂದೊಂದು ಫೈಲು. ನನ್ನ ತಂಗಿಯದೂ ಅದರಲ್ಲಿತ್ತು. ಆ ವರ್ಷ ಸೀಟು ಸಿಗದಿದ್ದರೆ ಅವಳ ವಯಸ್ಸು ಮೀರಿಹೋಗುತ್ತಿತ್ತು. ವಿಳಾಸದಲ್ಲಿ ಎಲ್ಲ ಹುಡುಗಿಯರೂ ಹಳೇ ರೂಢಿಯಂತೆ ರಾಯಚೂರು ಜಿಲ್ಲೆ ಎಂದೇ ಬರೆದಿದ್ದರು, ನಾವೂ ಕಣ್ಣು ಮುಚ್ಚಿಕೊಂಡು ಹಾಗೇ ಹೊಡೆದಿದ್ದೆವು. ನಾಳೆಯೊಳಗೆ ಎಲ್ಲವೂ ಕೊಪ್ಪಳ ಆಗಬೇಕೆಂದು ಅಂಗಡಿ ಮಾಲೀಕ ಕೂಗಾಡಿದ.

ಮಾಸ್ತರ ಮೊದಲ ಫೈಲು ತೆರೆದು, ಕನ್ನಡಕ ಒರೆಸಿಕೊಂಡು, ಓದತೊಡಗಿದ. ನನಗೆ ಮೈಯೆಲ್ಲ ಉರಿಯಿತು. ಕಂಪ್ಯೂಟರೇ ಎಲ್ಲ ಫೈಲು ತಿದ್ದುವಂತೆ ನಾನು ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ರಾಯಚೂರು ಕಂಡಲ್ಲೆಲ್ಲ ತೆಗೆದು ಕೊಪ್ಪಳ ಹಾಕುವುದು, ಅಷ್ಟೇ ಅದರ ಕೆಲಸ.

"ಒಂದೊಂದ ತಗದು ನೋಡಬೇಕು ತಮ್ಮಾ," ಅಂದ ಮಾಸ್ತರ. "ಎಲ್ಲಾ ರಾಯಚೂರು ಒಂದ ಅಲ್ಲ."

"ನೀವು ನೋಡಕೋತ ಕೂಡ್ರಿ ಮಾಸ್ತರ. ನಂದು ಮುಗೀತು," ಅಂದೆ.

ಅವನು ಮೂರು ಫೈಲು ಮುಗಿಸುವಷ್ಟರಲ್ಲಿ ನೂರಾರು ಫೈಲು ತಿದ್ದಿಯಾಗಿತ್ತು. ನಾನು ಚಹಾ ತರಿಸಿದೆ, ಒಂದೇ ಕಪ್ಪು. ತಿಂಗಳೊಳಗೆ ಮಾಲೀಕ ಮಾಸ್ತರನನ್ನು ಮನೆಗೆ ಕಳಿಸಿದ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ದಾಖಲೆ ತಪಾಸಣೆಯ ದಿನ ತಂಗಿ ಕೊಪ್ಪಳಕ್ಕೆ ಹೋದವಳು ಮಧ್ಯಾಹ್ನವೇ ಏದುಸಿರು ಬಿಡುತ್ತ ಅಂಗಡಿಗೆ ಬಂದಳು. ಹುಟ್ಟಿದ ಜಿಲ್ಲೆ ಎಂಬ ಸಾಲಿನಲ್ಲೂ ನನ್ನ ಸ್ಕ್ರಿಪ್ಟ್ ಕೊಪ್ಪಳ ಹಾಕಿತ್ತು. ಅವಳು ಹುಟ್ಟಿದಾಗ ಕೊಪ್ಪಳ ಜಿಲ್ಲೆ ಎಲ್ಲಿತ್ತು? ಶಾಲೆಯ ಸರ್ಟಿಫಿಕೇಟಿನಲ್ಲಿ ರಾಯಚೂರು ಎಂದೇ ಇತ್ತು. ಎರಡೂ ತಾಳೆಯಾಗುವುದಿಲ್ಲ, ಸಂಜೆಯೊಳಗೆ ತಿದ್ದಿದ ಪ್ರತಿ ತಾ ಎಂದು ಗುಮಾಸ್ತ ಅವಳನ್ನು ಸಾಲಿನಿಂದ ಆಚೆ ನಿಲ್ಲಿಸಿದ್ದನಂತೆ. ಕೊಪ್ಪಳದಲ್ಲಿ ಪರಿಚಯದವರಿದ್ದ ಹುಡುಗಿಯರು ಅಲ್ಲೇ ಅಫಿಡವಿಟ್ ಮಾಡಿಸಿಕೊಂಡರು. ಇವಳಿಗೆ ಇದ್ದವನು ನಾನೊಬ್ಬ, ಅದೂ ಕುಷ್ಟಗಿಯಲ್ಲಿ.

ತಿದ್ದಿ, ಪ್ರಿಂಟ್ ತೆಗೆದು, ಬಸ್ ಹತ್ತಿಸಿದೆ. ಅವಳು ಮುಟ್ಟುವಷ್ಟರಲ್ಲಿ ಆಫೀಸಿಗೆ ಬೀಗ ಬಿದ್ದಿತ್ತು. ಸೀಟು ಮುಂದಿನ ಹೆಸರಿಗೆ ಹೋಯಿತು.

ಹನುಮಸಾಗರಕ್ಕೆ ಹೋಗಿ ಮಾಸ್ತರನ ಮನೆಯ ಮುಂದೆ ನಿಂತು ಜಗಳ ತೆಗೆದೆ. "ಅವತ್ತ ಬಿಡಿಸಿ ಯಾಕ ಹೇಳಲಿಲ್ರಿ?"

"ನೀ ಒಂದ ಮಾತಾದ್ರೂ ಕೇಳಿದ್ದೇನು?" ಅಂದವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅವನು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ ಆ ಸಿಟ್ಟು. ತಂಗಿ ಮಾತ್ರ ಬೈಯಲಿಲ್ಲ, ಅಳಲೂ ಇಲ್ಲ. ವಾರದ ನಂತರ ನನಗೆ ಊಟಕ್ಕೆ ರೊಟ್ಟಿ ಹಾಕುತ್ತ ಒಂದೇ ಮಾತು ಕೇಳಿದಳು.

"ಎಲ್ಲಾರ ಫೈಲು ಬ್ಯಾಡ ಅಣ್ಣಾ. ನಂದೊಂದಾದ್ರೂ ತಗದು ನೋಡಿದ್ದೇನು?"

ನೋಡಿರಲಿಲ್ಲ.