ಮೊಳೆ ಅಕ್ಕನ ಬಾಯಿಯ ಕಬ್ಬಿಣ

ನನ್ನ ಅಕ್ಕನನ್ನು ಬೀದಿಯವರೆಲ್ಲ ಮೊಳೆ ಅಕ್ಕ ಎನ್ನುತ್ತಾರೆ. ನಮ್ಮದು ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಅಂಗಡಿ. ನಾನು ಕವರು ಹೊಲಿಯುತ್ತೇನೆ, ಅವಳು ಅದನ್ನು ಎಳೆದು ಬಿಗಿಮಾಡಿ ಮೊಳೆ ಹೊಡೆಯುತ್ತಾಳೆ. ಒಂದು ಕೈಗೆ ಬಟ್ಟೆ, ಇನ್ನೊಂದಕ್ಕೆ ಸುತ್ತಿಗೆ. ದೇವರು ಮೂರನೇ ಕೈ ಕೊಡಲಿಲ್ಲವೆಂದು ಮೊಳೆ ಹಿಡಿಯುವ ಕೆಲಸವನ್ನು ಬಾಯಿಗೇ ವಹಿಸಿದ್ದಳು. ಎಡಗೆನ್ನೆಯಲ್ಲಿ ಒಂದು ಹಿಡಿ ಚಿಕ್ಕ ಮೊಳೆ ತುಂಬಿಕೊಂಡರೆ ನಾಲಿಗೆ ಒಂದೊಂದನ್ನೇ ತುಟಿಗೆ ತಂದುಕೊಡುತ್ತಿತ್ತು. ಇಪ್ಪತ್ತಾರು ವರ್ಷ ಇದೇ ನಡೆಯಿತು.

ಕಳೆದ ವರ್ಷ ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಕಾಣೆಯಾಗತೊಡಗಿತು. ಇಲಿಯ ಕಾಟವೆಂದು ಡಬ್ಬಿಯ ಪಕ್ಕ ಬೋನು ಇಟ್ಟೆ. ಅದರಲ್ಲಿ ಬೆರಳು ಸಿಕ್ಕಿಸಿಕೊಂಡು ಕಿರುಚಿದ್ದು ಅಕ್ಕ. ತುಟಿಯೆಲ್ಲ ಬೆಳ್ಳಗಿತ್ತು.

"ಏನೇ ಇದು, ಸುಣ್ಣ ತಿಂತೀಯಾ?"

"ರುಚಿ ನೋಡ್ದೆ ಅಷ್ಟೆ."

"ಏಳು ಡಬ್ಬಿ ರುಚಿ ನೋಡಿದ್ಯಾ?"

ಬೈಯುತ್ತಲೇ ಅವಳನ್ನು ಬೆಳಕಿಗೆ ಎಳೆದು ನೋಡಿದೆ. ಮುಖ ಬಿಸಿಲಿಗೆ ಬಿಟ್ಟ ಬಟ್ಟೆಯಂತೆ ಬಿಳಿಚಿಕೊಂಡಿತ್ತು, ತುಟಿಯ ಮೂಲೆ ಒಡೆದಿತ್ತು. ಬಾಯಿ ತೆಗೆಸಿದರೆ ಎಡಗೆನ್ನೆಯೊಳಗೆ ಅಂಗಿಯ ಗುಂಡಿಯಷ್ಟು ಹುಣ್ಣು!

"ಮೊಳೆ ಚುಚ್ಚಿದ್ದು. ಎರಡು ತಿಂಗಳಾಯ್ತೇನೋ," ಎಂದಳು, ಎರಡು ನಿಮಿಷವಾಯಿತು ಎಂಬಂತೆ.

ನಮ್ಮ ದೊಡ್ಡಮ್ಮ ಇಂಥದ್ದೇ ಹುಣ್ಣನ್ನು 'ಏನಿಲ್ಲ, ಏನಿಲ್ಲ' ಎನ್ನುತ್ತ ಬಾಯಿ ಕ್ಯಾನ್ಸರಿನಲ್ಲಿ ಹೋದವರು. ಅಂಗಡಿಗೆ ಬೀಗ ಹಾಕಿ ಅಕ್ಕನನ್ನು ದರದರ ಎಳೆದುಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ನುಣ್ಣಗಾಗಿದ್ದ ನಾಲಿಗೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡಿರಬೇಕಾದ ಹಿಮೋಗ್ಲೋಬಿನ್ ಆರೂವರೆ! ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಿದ್ದುದನ್ನು ಅಕ್ಕ ಒಡಹುಟ್ಟಿದ ನನಗೂ ಹೇಳಿರಲಿಲ್ಲ.

"ರಕ್ತಹೀನತೆ. ಮೈಯಲ್ಲಿ ಕಬ್ಬಿಣದಂಶ ಇಲ್ಲವೇ ಇಲ್ಲ ಅನ್ಬೇಕು. ಅದಕ್ಕೇ ಸುಣ್ಣ ತಿನ್ನೋ ಆಸೆ," ಎಂದರು.

ಅಕ್ಕನಿಗೆ ಅವಮಾನವಾಯಿತು. "ನಂಗಾ? ಇಪ್ಪತ್ತಾರು ವರ್ಷದಿಂದ ಬಾಯಲ್ಲಿ ಕಬ್ಬಿಣನೇ ಇಟ್ಕೊಂಡಿದೀನಿ ಡಾಕ್ಟ್ರೇ! ನಾಕೈದು ನುಂಗಿಯೂ ಇದೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನುಂಗಿದ್ದು ಏನಾಯ್ತು?"

"ಬಂದ್ವು. ತೊಳೆದು ಮತ್ತೆ..."

ನಾನು ಅವಳ ಕಾಲು ತುಳಿದೆ.

"ಮೊಳೆ ಚೀಪಿದ್ರೆ ರಕ್ತ ಹೆಚ್ಚಲ್ಲಮ್ಮ," ಎಂದರು ಡಾಕ್ಟರಮ್ಮ. "ಕಬ್ಬಿಣದಂಶ ಕಮ್ಮಿಯಾದ್ರೆ ಬಾಯೊಳಗಿನ ಪದರ ತೆಳ್ಳಗಾಗುತ್ತೆ, ಗಾಯ ಬೇಗ ಮಾಯಲ್ಲ. ವರ್ಷಗಟ್ಟಲೆ ಹಾಗೇ ಬಿಟ್ರೆ ಅಂಥ ಬಾಯಲ್ಲಿ ಕ್ಯಾನ್ಸರ್ ಬರೋ ಸಾಧ್ಯತೆ ಹೆಚ್ಚು. ಎಲ್ಲರಿಗೂ ಬರುತ್ತೆ ಅಂತಲ್ಲ. ಈ ಹುಣ್ಣಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ."

"ಚೂರೂ ಬೇಡ, ಗೀರೂ ಬೇಡ," ಎಂದು ಅಕ್ಕ ಎದ್ದಳು. ಕಳ್ಳನಿಗೊಂದು ಪಿಳ್ಳೆ ನೆವ ಎಂಬಂತೆ ತಾನು ಕೂತಿದ್ದ ಕುರ್ಚಿಯನ್ನೇ ಬೋರಲು ಹಾಕಿ, "ಇದಕ್ಕೆ ಮೊಳೆ ಹೊಡೆದ ಪುಣ್ಯಾತ್ಮ ಯಾರು?" ಎಂದು ತನಿಖೆಗೆ ಕೂತಳು.

"ದೊಡ್ಡಮ್ಮನೂ ಹೀಗೇ ಎದ್ದು ಬಂದಿದ್ರು ಕಣೆ," ಎಂದೆ.

ಅಕ್ಕ ಕುರ್ಚಿ ನೆಟ್ಟಗೆ ಮಾಡಿ ಕೂತು ಬಾಯಿ ತೆರೆದಳು.

ವರದಿ ಬರಲು ಒಂಬತ್ತು ದಿನ. ನಾನು ಒಂದು ದಿಂಬಿನ ನಾಲ್ಕೂ ಕಡೆ ಹೊಲಿದುಬಿಟ್ಟೆ. ಹತ್ತಿ ತುಂಬಲು ಬಾಯೇ ಇರಲಿಲ್ಲ. ಅಕ್ಕ ಮಾತ್ರ ಅಯಸ್ಕಾಂತದ ಸುತ್ತಿಗೆ ಹುಡುಕಿ ತೆಗೆದಳು. ಮೊಳೆ ತಾನೇ ಅಂಟಿಕೊಳ್ಳುವ ಆ ಸುತ್ತಿಗೆಯನ್ನು ಕಲಿಯುವವರಿಗಷ್ಟೇ ಎಂದು ಹಿಂದೆಯೇ ಮೂಲೆಗೆ ಎಸೆದಿದ್ದಳು. ಅದನ್ನು ಡಾಕ್ಟರು ಕೊಟ್ಟ ಮಾತ್ರೆಗೆ ಮುಟ್ಟಿಸಿ, "ನೋಡೇ, ಅಂಟ್ತಾನೇ ಇಲ್ಲ. ಇದರಲ್ಲೆಲ್ಲಿದೆ ಕಬ್ಬಿಣ? ಕಲಬೆರಕೆ!" ಎಂದಳು. ನಾನು ಸುತ್ತಿಗೆ ಎತ್ತಿದ ಮೇಲೆ ಮಾತ್ರೆ ನುಂಗಿದಳು.

ಹತ್ತನೆಯ ದಿನ ಡಾಕ್ಟರಮ್ಮ ಹೇಳಿದರು: "ಕ್ಯಾನ್ಸರ್ ಆಗಿಲ್ಲ. ಆದ್ರೆ ಕೆಲವು ಜೀವಕೋಶ ಆ ಕಡೆಗೆ ಮುಖ ಮಾಡಿದ್ವು. ಆ ಜಾಗ ತೆಗೆದುಬಿಡೋಣ. ಮಾತ್ರೆ ಬಿಡ್ಬೇಡಿ, ಬಾಯಿಗೆ ಮೊಳೆ ಹಾಕ್ಬೇಡಿ, ಆಗಾಗ ಬಂದು ತೋರಿಸ್ಕೊಳ್ಳಿ."

ನಾನು ಗೊಳೋ ಎಂದು ಅತ್ತೆ. ಹೊರಗೆ ಕೂತಿದ್ದ ರೋಗಿಗಳು ಯಾರೋ ಹೋಗೇಬಿಟ್ಟರು ಎಂದು ಇಣುಕಿದರು. "ಇವಳ ತಲೆನೂ ಒಂದ್ಸಲ ಪರೀಕ್ಷೆ ಮಾಡ್ಬಿಡಿ ಡಾಕ್ಟ್ರೇ," ಎಂದಳು ಅಕ್ಕ. ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡು, "ನಂಗೂ ತುಂಬ ಭಯ ಆಗಿತ್ತು ಕಣೆ," ಎಂದಳು. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಈಗ ಆಸ್ಪತ್ರೆಯವರು ನೋಡುವುದು ಸಾಲದೆಂದು ಭಾನುವಾರ ನಾನೂ ನೋಡುತ್ತೇನೆ. ಬಾಗಿಲ ಬೆಳಕಿನಲ್ಲಿ ಅಕ್ಕ ಸ್ಟೂಲಿನ ಮೇಲೆ ಕೂತು ಬಾಯಿ ಕಳೆಯುತ್ತಾಳೆ. ಆ ಜಾಗ ತೆಗೆದ ಗಾಯ ಮಾದಿದೆ, ನಾಲಿಗೆಗೆ ಬಣ್ಣ ಬರುತ್ತಿದೆ. ನಾನು "ಏನಿಲ್ಲ, ಮುಚ್ಚು" ಎನ್ನುವವರೆಗೆ ಆ ಜಗಮೊಂಡಿ ಕಣ್ಣು ಕೂಡ ಮಿಟುಕಿಸುವುದಿಲ್ಲ. ನೋಡಲು ಒಂದು ನಿಮಿಷ ಸಾಕು. ನಾನು ಐದು ನಿಮಿಷ ತೆಗೆದುಕೊಳ್ಳುತ್ತೇನೆ; ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಲು ಅವಳು ಬೇರೆ ಹೊತ್ತಿನಲ್ಲಿ ಬಿಡುವುದಿಲ್ಲ.